ಸರಾಸರಿ 7 ಬಂತು, ಆದರೆ ನಾವು ಯಾರ ನೆಮ್ಮದಿ ಅಳೆದೆವು?

ಮೌನಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವರ್ಷ ನಾವು ಕೆಲವು ಸ್ವಯಂಸೇವಕರು ಮನೆ ಮನೆಗೆ ಹೋಗಿ ಜನರ ನೆಮ್ಮದಿಯ ಬಗ್ಗೆ ಸಮೀಕ್ಷೆ ಮಾಡಿದೆವು. ಸ್ಥಳೀಯ ಆಡಳಿತದವರೇ ಕೇಳಿದ್ದರು. ಬಸ್ಸು, ಆರೋಗ್ಯ ಕೇಂದ್ರ, ಗ್ರಂಥಾಲಯ, ಬೀದಿ ದೀಪ, ಇವಕ್ಕೆಲ್ಲ ದುಡ್ಡು ಹಂಚುವಾಗ ಜನರ ಬದುಕು ನಿಜವಾಗಿ ಹೇಗಿದೆ ಅಂತ ನೋಡಿಕೊಂಡು ಹಂಚುತ್ತೇವೆ ಅಂದಿದ್ದರು. ನನಗೆ ತುಂಬಾ ಖುಷಿಯಾಗಿತ್ತು. ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ಕಂಬ ಅಂತ ಎಣಿಸುವುದು ಬಿಟ್ಟು ಆ ರಸ್ತೆಯಲ್ಲಿ ಓಡಾಡುವವರನ್ನು ಕೇಳುತ್ತಾರಲ್ಲ ಅಂತ.

ಬ್ರಿಟನ್ನಿನ ಅಂಕಿಅಂಶ ಕಚೇರಿ 2011ರಿಂದ ಕೇಳುತ್ತಿರುವ ನಾಲ್ಕು ಪ್ರಶ್ನೆಗಳನ್ನೇ ತೆಗೆದುಕೊಂಡೆವು. ನಿಮ್ಮ ಬದುಕಿನ ಬಗ್ಗೆ ಎಷ್ಟು ತೃಪ್ತಿ ಇದೆ, ನೀವು ಮಾಡುತ್ತಿರುವುದಕ್ಕೆ ಎಷ್ಟು ಅರ್ಥ ಇದೆ ಅನಿಸುತ್ತದೆ, ನಿನ್ನೆ ಎಷ್ಟು ಖುಷಿಯಾಗಿದ್ದಿರಿ, ನಿನ್ನೆ ಎಷ್ಟು ಆತಂಕ ಇತ್ತು. ಎಲ್ಲಕ್ಕೂ 0ಯಿಂದ 10. ಮೂರು ತಿಂಗಳು ತಿರುಗಿದೆವು. ಕೊನೆಗೆ ತೃಪ್ತಿಯ ಸರಾಸರಿ ಹತ್ತಿರ ಹತ್ತಿರ 7 ಬಂತು. ಸಭೆಯಲ್ಲಿ ಅದನ್ನು ಓದಿದರು. "ಹಾಗಾದರೆ ಜನ ಚೆನ್ನಾಗಿಯೇ ಇದ್ದಾರೆ" ಅಂದರು. ಅಲ್ಲಿಗೆ ಮುಗಿಯಿತು. ವರದಿ ಬೀರು ಸೇರಿತು. ಬಸ್ಸಿನ ಸಮಯ ಬದಲಾಗಲಿಲ್ಲ, ಆರೋಗ್ಯ ಕೇಂದ್ರದ ಸರದಿಯೂ ಬದಲಾಗಲಿಲ್ಲ.

ನನ್ನನ್ನು ಕಾಡುವುದು ಬೇರೆ. ಒಬ್ಬರು ವಯಸ್ಸಾದ ಅಮ್ಮ ತೃಪ್ತಿಗೆ 8 ಕೊಟ್ಟರು. ಖುಷಿಗೂ 8. ನಾನು ಪೆನ್ನು ಮುಚ್ಚಿ ಎದ್ದಾಗ "ಮತ್ತೆ ಯಾವಾಗ ಬರ್ತೀರಿ?" ಅಂತ ಕೇಳಿದರು. ಬಾಗಿಲವರೆಗೆ ಬಂದು ಇನ್ನೊಮ್ಮೆ ಅದನ್ನೇ ಕೇಳಿದರು. ಆ ಪ್ರಶ್ನೆ ಬರೆಯಲು ನನ್ನ ಫಾರಂನಲ್ಲಿ ಜಾಗ ಇರಲಿಲ್ಲ.

ಈ ವರ್ಷ ಮತ್ತೆ ಮಾಡಿ ಅಂತ ಕೇಳಿದ್ದಾರೆ. ಮಾಡುವುದಾ ಬೇಡವಾ? ಮಾಡಿದರೆ ಹೇಗೆ? ಸೇವೆಗಳು ನಿಜವಾಗಿ ಬದಲಾಗುವ ಹಾಗೆ ಅಳೆಯುವುದಕ್ಕೆ ಆಗುತ್ತದಾ?

ಅಂಕಿಲೆಕ್ಕ

ಮೌನಮಲ್ಲಿಗೆ ಮೇಡಂ, ಮಾಡಿ, ಬಿಡಬೇಡಿ. ನಿಮ್ಮ ಪ್ರಶ್ನೆಗಳು ಚೆನ್ನಾಗಿವೆ. ತಪ್ಪಾಗಿರುವುದು ಸರಾಸರಿ ತೆಗೆದು ನಿಲ್ಲಿಸಿದ್ದರಲ್ಲಿ.

ಎರಡು ಬಡಾವಣೆ ಇದೆ ಅಂದುಕೊಳ್ಳಿ. ಒಂದರಲ್ಲಿ ಎಲ್ಲರೂ 7 ಕೊಟ್ಟರು. ಇನ್ನೊಂದರಲ್ಲಿ ಅರ್ಧ ಜನ 10, ಅರ್ಧ ಜನ 4. ಎರಡರ ಸರಾಸರಿಯೂ 7. ಆದರೆ ಎರಡನೆಯದರಲ್ಲಿ ಅರ್ಧ ಊರು ಕಷ್ಟದಲ್ಲಿದೆ! ಬ್ರಿಟನ್ನಿನವರು ಸರಾಸರಿ ಒಂದನ್ನೇ ಪ್ರಕಟಿಸಿ ಸುಮ್ಮನಾಗುವುದಿಲ್ಲ. ತೃಪ್ತಿಯಲ್ಲಿ 0ಯಿಂದ 4 ಕೊಟ್ಟವರನ್ನು "ಕಡಿಮೆ" ಅಂತ ಬೇರೆ ಗುಂಪಾಗಿ ತೋರಿಸುತ್ತಾರೆ, 5-6 ಮಧ್ಯಮ, 7-8 ಹೆಚ್ಚು, 9-10 ಬಹಳ ಹೆಚ್ಚು. ಆತಂಕಕ್ಕೆ ಲೆಕ್ಕ ತಿರುಗಾಮುರುಗಾ, ಅಲ್ಲಿ 6ರಿಂದ 10 ಕೊಟ್ಟವರ ಮೇಲೆ ಕಣ್ಣಿಡುತ್ತಾರೆ. ನೀವು ಹಳೆಯ ಫಾರಂಗಳನ್ನೇ ತೆಗೆದು 4 ಮತ್ತು ಅದಕ್ಕಿಂತ ಕೆಳಗೆ ಕೊಟ್ಟವರು ಎಷ್ಟು ಜನ, ಯಾವ ವಯಸ್ಸು, ಯಾವ ಬೀದಿ ಅಂತ ನೋಡಿ. ಹೊಸ ಸಮೀಕ್ಷೆಗೆ ಮೊದಲೇ ನಿಮಗೆ ಅರ್ಧ ಉತ್ತರ ಸಿಗಬಹುದು.

ಭೂತಾನಿನ ದಾರಿಯೂ ತಿಳಿದಿರಲಿ. ಅಲ್ಲಿ 2008ರ ಸಂವಿಧಾನದಲ್ಲೇ ಒಟ್ಟು ರಾಷ್ಟ್ರೀಯ ಸಂತೋಷದ ಮಾತು ಇದೆ. ಅವರ ಸೂಚ್ಯಂಕ 9 ಕ್ಷೇತ್ರ, 33 ಸೂಚಕಗಳದ್ದು. ಆರೋಗ್ಯ, ಶಿಕ್ಷಣ, ಸಮಯದ ಬಳಕೆ, ಆಡಳಿತ, ಪರಿಸರ, ನೆರೆಹೊರೆ ಹೀಗೆ. ಎಲ್ಲಾ ಸೂಚಕಕ್ಕೂ ಒಂದೇ ತೂಕ, ಅಂದರೆ ಒಂದೇ ಮಹತ್ವ, ಇಲ್ಲ. ಒಬ್ಬ ವ್ಯಕ್ತಿಗೆ ಆ ಒಟ್ಟು ತೂಕದಲ್ಲಿ ಶೇ. 66ರಷ್ಟಾದರೂ "ಸಾಕಷ್ಟು" ಇದ್ದರೆ ಸಂತೋಷವಾಗಿದ್ದಾರೆ ಅಂತ ಲೆಕ್ಕ. ನನಗೆ ಇಷ್ಟವಾಗುವುದು ಆಮೇಲಿನ ಹೆಜ್ಜೆ. 66 ತಲುಪದವರಿಗೆ ಯಾವುದರಲ್ಲಿ ಕೊರತೆ ಇದೆ ಅಂತ ಬಿಡಿಸಿ ನೋಡಬಹುದು. ಒಂದು ಕಡೆ ನಿದ್ದೆ ಮತ್ತು ಕೆಲಸದ ಹೊತ್ತು, ಇನ್ನೊಂದು ಕಡೆ ಓದು, ಮತ್ತೊಂದು ಕಡೆ ಸರ್ಕಾರಿ ಸೇವೆ. ಹಾಗೆ ಬಿಡಿಸಿದ ಮೇಲೆ ಯಾವ ಇಲಾಖೆಯನ್ನು ಕರೆಯಬೇಕು ಅಂತ ಗೊತ್ತಾಗುತ್ತದೆ. ಬರೀ 7 ಅಂದರೆ ಯಾರನ್ನು ಕರೆಯುತ್ತೀರಿ?

ದಾರಿಹೋಕ

ಕ್ಷಮಿಸಿ, ನನಗೆ ಈ ಇಡೀ ವಿಷಯದ ಮೇಲೆ ಬೇಸರ ಇದೆ. ನಲ್ಲಿಯಲ್ಲಿ ನೀರು ಬರಲ್ಲ ಅಂತ ಗೊತ್ತಿದೆ. ದೀಪ ಉರಿಯಲ್ಲ ಅಂತ ಗೊತ್ತಿದೆ. ಅದಕ್ಕೆ "ನೀವು ನಿನ್ನೆ ಎಷ್ಟು ಖುಷಿಯಾಗಿದ್ದಿರಿ" ಅಂತ ಯಾಕೆ ಕೇಳಬೇಕು? ದೀಪ ಹಾಕಿ ಸಾಕು. ಅಳೆಯುವ ಖರ್ಚಿನಲ್ಲಿ ಬಲ್ಬ್ ಬರುತ್ತದೆ. ಕೆಲಸ ಮುಂದೂಡುವುದಕ್ಕೆ ಸಮೀಕ್ಷೆ ಒಳ್ಳೆಯ ನೆಪ ಅನ್ನುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿಟ್ಟಿನಿಂದ ಹೇಳುತ್ತಿಲ್ಲ, ನೊಂದು ಹೇಳುತ್ತಿದ್ದೇನೆ.

ಹಳೆನರ್ಸ್

ದಾರಿಹೋಕ ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಗೊತ್ತಿರುವ ಕೊರತೆಗೆ ಸಮೀಕ್ಷೆ ಬೇಡ, ರಿಪೇರಿ ಬೇಕು. ಆದರೆ ದೀಪ ಉರಿಯದಿದ್ದರೆ ಕಣ್ಣಿಗೆ ಕಾಣುತ್ತದೆ, ದೂರು ಬರುತ್ತದೆ. ಮೌನಮಲ್ಲಿಗೆ ಹೇಳಿದ ಆ ಅಮ್ಮನ ಮನೆಯ ಕೊರತೆ ಯಾವ ದೂರಿನ ಪುಸ್ತಕದಲ್ಲೂ ಬರುವುದಿಲ್ಲ. ನಾನು ಬಹಳ ವರ್ಷ ಮನೆ ಭೇಟಿಯ ಕೆಲಸ ಮಾಡಿದವಳು. ಬಿಪಿ ನೋಡಿಸಲು ಬರುವ ಎಷ್ಟೋ ಜನರಿಗೆ ಬಿಪಿಗಿಂತ ಮಾತು ಬೇಕಿರುತ್ತದೆ. ಅದನ್ನು ಕೇಳದೆ ತಿಳಿಯಲು ಆಗಲ್ಲ.

ಈಗ ಪ್ರಶ್ನೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬೇರೆ ಭಾಷೆಯ ಪ್ರಶ್ನೆಯನ್ನು ಕನ್ನಡಕ್ಕೆ ತಂದ ತಕ್ಷಣ ಅದು ಬೇರೆಯೇ ಪ್ರಶ್ನೆ ಆಗಿರುತ್ತದೆ. "ತೃಪ್ತಿ ಇದೆಯಾ" ಅಂದರೆ ನಮ್ಮ ಹಿರಿಯರಿಗೆ ಆಸೆ ಕಡಿಮೆ ಇದೆಯಾ ಅಂತ ಕೇಳಿದ ಹಾಗೆ. ತೃಪ್ತಿ ಇರುವುದು ಒಳ್ಳೆಯ ಗುಣ ಅಲ್ವಾ? ಹಾಗಾಗಿ ಇಲ್ಲ ಅನ್ನಲು ನಾಚಿಕೆ. 8 ಕೊಡುತ್ತಾರೆ. "ಖುಷಿ" ಅಂದರೆ ನಗು, ಹಬ್ಬ, ಮದುವೆ ಅಂತ ಅಂದುಕೊಳ್ಳುತ್ತಾರೆ. "ನೆಮ್ಮದಿ" ಅಂತ ಕೇಳಿ ನೋಡಿ, ಮುಖ ಬದಲಾಗುತ್ತದೆ. ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಡುತ್ತಾರೆ. "ಆತಂಕ" ಪುಸ್ತಕದ ಮಾತು, "ಟೆನ್ಷನ್" ಅಂದರೆ ಎಂಬತ್ತು ವರ್ಷದವರಿಗೂ ಗೊತ್ತು. ಇನ್ನು "ಪರವಾಗಿಲ್ಲ" ಅನ್ನುವ ಉತ್ತರ ಇದೆಯಲ್ಲ, ಅದನ್ನು ಎಷ್ಟು ಅಂತ ಬರೆಯುತ್ತೀರಿ? ಒಬ್ಬರ "ಪರವಾಗಿಲ್ಲ" 8, ಇನ್ನೊಬ್ಬರದು 3. ಕೇಳುವವರೇ ಊಹಿಸಿ ಬರೆದರೆ ಅದು ಕೇಳಿದವರ ನೆಮ್ಮದಿಯೇ ಹೊರತು ಹೇಳಿದವರದ್ದಲ್ಲ. ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ತಿರುಗಿ ಆ ಭಾಷೆಗೇ ಮಾಡಿಸಿ, ಎರಡೂ ತಾಳೆಯಾಗುತ್ತಾ ನೋಡಿ.

ಇನ್ನೊಂದು ದೊಡ್ಡ ಮಾತು. ಬಹಳ ಕಾಲ ಕೊರತೆಯಲ್ಲೇ ಬದುಕಿದವರು ತಮ್ಮ ನಿರೀಕ್ಷೆಯನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. ಅಮರ್ತ್ಯ ಸೇನ್ ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಅವರು "ಚೆನ್ನಾಗಿದ್ದೇನೆ" ಅಂದರು ಅಂತ ಅವರಿಗೆ ಕೊಡಬೇಕಾದ ಸೇವೆ ಕಡಿತ ಮಾಡಿದರೆ ಅದಕ್ಕಿಂತ ಅನ್ಯಾಯ ಇಲ್ಲ. ಆದ್ದರಿಂದ ಮನಸ್ಸಿನ ಲೆಕ್ಕದ ಪಕ್ಕದಲ್ಲಿ ಯಾವಾಗಲೂ ಕಣ್ಣಿಗೆ ಕಾಣುವ ಲೆಕ್ಕ ಇರಲಿ. ಆರೋಗ್ಯ ಕೇಂದ್ರಕ್ಕೆ ನಡೆದು ಎಷ್ಟು ನಿಮಿಷ, ಡಾಕ್ಟರ್ ಸಿಗಲು ಎಷ್ಟು ದಿನ, ಕತ್ತಲಾದ ಮೇಲೆ ಬಸ್ಸು ಇದೆಯಾ. ಎರಡೂ ಸೇರಿದರೆ ಮಾತ್ರ ಚಿತ್ರ ಪೂರ್ತಿ ಕಾಣುತ್ತದೆ.

ಮತ್ತೆ, ನೀವು ಎಷ್ಟು ಹೊತ್ತಿಗೆ ಹೋಗಿದ್ದಿರಿ? ಬೆಳಿಗ್ಗೆ ಹತ್ತಕ್ಕೆ ಹೋದರೆ ಕೂಲಿಗೆ ಹೋದವರು ಸಿಗಲ್ಲ. ಹಾಸಿಗೆ ಹಿಡಿದವರು ಬಾಗಿಲಿಗೆ ಬರಲ್ಲ. ಮನೆಯಲ್ಲಿ ಒಬ್ಬರ ಮುಂದೆ ಇನ್ನೊಬ್ಬರು ನಿಜ ಹೇಳಲ್ಲ, ಅತ್ತೆ ಕೂತಿರುವಾಗ ಸೊಸೆ ಟೆನ್ಷನ್‌ಗೆ 9 ಕೊಡುತ್ತಾಳಾ?

ಮೌನಮಲ್ಲಿಗೆ

ನರ್ಸಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಕಷ್ಟವಾಗುತ್ತಿದೆ. ನಾವು ಹೋಗಿದ್ದು ಹಗಲು ಹೊತ್ತು. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋದೆವು. ಹಾಗೆ ಬಿಟ್ಟ ಮನೆಗಳ ಪಟ್ಟಿಯನ್ನೂ ಇಟ್ಟುಕೊಂಡಿಲ್ಲ. ಯಾರು ಸಿಗಲಿಲ್ಲವೋ ಅವರೇ ಜಾಸ್ತಿ ಕಷ್ಟದಲ್ಲಿದ್ದಿರಬಹುದು ಅಂತ ಈಗ ಅನಿಸುತ್ತಿದೆ.

ಕಚೇರಿಮೇಜು

ನಾನು ಇಂಥದೇ ಒಂದು ಸ್ಥಳೀಯ ಕಚೇರಿಯಲ್ಲಿ ಯೋಜನಾ ವಿಭಾಗದಲ್ಲಿದ್ದೇನೆ. ವರದಿ ಯಾಕೆ ಬೀರು ಸೇರುತ್ತದೆ ಅಂತ ಒಳಗಿನಿಂದ ಹೇಳುತ್ತೇನೆ. ಯಾರೂ ಕೆಟ್ಟವರಲ್ಲ. ಸಮೀಕ್ಷೆಯ ವರದಿ ಬರುವಷ್ಟರಲ್ಲಿ ಬಜೆಟ್ ಮುಗಿದಿರುತ್ತದೆ. ಅದು ಮೊದಲ ಕಾರಣ. ಎರಡನೆಯದು, "ಒಂಟಿತನ ಜಾಸ್ತಿ ಇದೆ" ಅಂತ ಬಂದರೆ ಅದು ಯಾವ ವಿಭಾಗದ ಕೆಲಸ? ಆರೋಗ್ಯದವರು ನಮ್ಮದಲ್ಲ ಅಂತಾರೆ, ಸಾರಿಗೆಯವರು ನಮ್ಮದಲ್ಲ ಅಂತಾರೆ. ಆದರೆ ಆ ಅಮ್ಮ ಮನೆ ಬಿಟ್ಟು ಹೊರಗೆ ಬರದೆ ಇರುವುದಕ್ಕೆ ಬಸ್ ನಿಲ್ದಾಣದಲ್ಲಿ ಕೂರಲು ಬೆಂಚಿಲ್ಲ ಅನ್ನುವುದೇ ಕಾರಣ ಇರಬಹುದು.

ಇದನ್ನು ಕಾನೂನಿನಲ್ಲೇ ಸರಿಪಡಿಸಲು ನೋಡಿದವರು ಬ್ರಿಟನ್ನಿನ ಒಂದು ಭಾಗವಾದ ವೇಲ್ಸ್‌ನವರು. 2015ರಲ್ಲಿ ಮುಂದಿನ ಪೀಳಿಗೆಗಳ ಯೋಗಕ್ಷೇಮ ಕಾಯ್ದೆ ಅಂತ ತಂದರು. ಪ್ರತಿ ಸ್ಥಳೀಯ ಆಡಳಿತ ಪ್ರದೇಶದಲ್ಲೂ ಒಂದು ಸಾರ್ವಜನಿಕ ಸೇವಾ ಮಂಡಳಿ. ಅದರಲ್ಲಿ ಸ್ಥಳೀಯ ಕೌನ್ಸಿಲ್, ಆರೋಗ್ಯ ಮಂಡಳಿ, ಅಗ್ನಿಶಾಮಕ ಸೇವೆ, ನಿಸರ್ಗ ಸಂಪನ್ಮೂಲ ನೋಡಿಕೊಳ್ಳುವ ಸಂಸ್ಥೆ, ಎಲ್ಲರೂ ಒಂದೇ ಮೇಜಿಗೆ ಬರಬೇಕು. ಮೊದಲು ಆ ಪ್ರದೇಶದ ಯೋಗಕ್ಷೇಮ ಹೇಗಿದೆ ಅಂತ ಅಳೆದು ಪ್ರಕಟಿಸಬೇಕು. ಆಮೇಲೆ ಅದರ ಮೇಲೆ ಯೋಜನೆ ಮಾಡಬೇಕು. ಸ್ಥಳೀಯ ಚುನಾವಣೆಯಾದ ಒಂದು ವರ್ಷದೊಳಗೆ ಆ ಯೋಜನೆ ಹೊರಬರಬೇಕು. ಅಳತೆಯ ಕ್ಯಾಲೆಂಡರು ಅಧಿಕಾರದ ಕ್ಯಾಲೆಂಡರಿಗೆ ಕಟ್ಟಿಹಾಕಲ್ಪಟ್ಟಿದೆ, ಇದೇ ಅದರ ಜೀವಾಳ ಅಂತ ನನ್ನ ಅಭಿಪ್ರಾಯ. ನ್ಯೂಜಿಲೆಂಡ್ ಕೂಡ 2019ರಲ್ಲಿ ಯೋಗಕ್ಷೇಮ ಬಜೆಟ್ ಅಂತಲೇ ಹೆಸರಿಟ್ಟು ಬಜೆಟ್ ಮಂಡಿಸಿತು. ಅಲ್ಲಿ ಸ್ಥಳೀಯ ಆಡಳಿತದ 2002ರ ಕಾಯ್ದೆಯಲ್ಲಿ ಸಾಮಾಜಿಕ, ಆರ್ಥಿಕ, ಪರಿಸರ, ಸಾಂಸ್ಕೃತಿಕ ಅಂತ ನಾಲ್ಕು ಬಗೆಯ ಯೋಗಕ್ಷೇಮದ ಮಾತಿತ್ತು. 2012ರಲ್ಲಿ ಅದನ್ನು ತೆಗೆದರು, 2019ರಲ್ಲಿ ಮತ್ತೆ ಸೇರಿಸಿದರು. ಸರ್ಕಾರ ಬದಲಾದರೆ ಇಂಥವು ಬರುತ್ತವೆ, ಹೋಗುತ್ತವೆ. ಕಾನೂನು ಇದ್ದರೂ ಕಾಯುವ ಜನ ಬೇಕು.

ನಿಮಗೆ ಕಾನೂನು ಇಲ್ಲ, ಸರಿ. ಆದರೆ ಒಂದು ಕೆಲಸ ನೀವು ಇವತ್ತೇ ಮಾಡಬಹುದು. ಸಮೀಕ್ಷೆಗೆ ಒಪ್ಪುವ ಮೊದಲು ಅವರಿಂದ ಬರೆಸಿಕೊಳ್ಳಿ: ಯಾವ ತೀರ್ಮಾನಕ್ಕೆ ಇದನ್ನು ಬಳಸುತ್ತೀರಿ, ಆ ತೀರ್ಮಾನ ಯಾವ ತಾರೀಖಿಗೆ, ಯಾರು ತೆಗೆದುಕೊಳ್ಳುತ್ತಾರೆ, ಉತ್ತರ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು. ಎರಡಕ್ಕೂ ಒಂದೇ ಕೆಲಸ ಮಾಡುತ್ತೇವೆ ಅಂದರೆ ಅಳೆಯುವ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ ಕೂಡ. ಈ ಅಂಕಿಯನ್ನು ಯಾವ ಕಾರಣಕ್ಕೂ ನೌಕರರ ಗುರಿ ಮಾಡಲು ಬಿಡಬೇಡಿ. ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯಲ್ಲ ಅನ್ನುವ ಮಾತಿಗೆ ಗುಡ್‌ಹಾರ್ಟ್ ನಿಯಮ ಅಂತ ಹೆಸರಿದೆ, 1975ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಬಗ್ಗೆ ಹೇಳಿದ್ದರಿಂದ ಬಂದದ್ದು. "ಈ ವರ್ಷ 7.5 ಬರಲೇಬೇಕು" ಅಂತ ಸುತ್ತೋಲೆ ಹೊರಟರೆ, ಸುಖವಾಗಿರುವವರ ಮನೆಗೇ ಸಮೀಕ್ಷೆ ಹೋಗುತ್ತದೆ. ನಾನು ಇದನ್ನು ಬೇರೆ ವಿಷಯದಲ್ಲಿ ಕಣ್ಣಾರೆ ನೋಡಿದ್ದೇನೆ.

ಮೌನಮಲ್ಲಿಗೆ

ಬರೆಸಿಕೊಳ್ಳುವ ಮಾತು ತುಂಬಾ ಹಿಡಿಸಿತು. ಅಂಕಿಲೆಕ್ಕ ಅವರೇ, ಒಂದು ಸಂಶಯ. ಕಳೆದ ಸಲ ಒಂದೊಂದು ಬಡಾವಣೆಯಿಂದ ನೂರರ ಆಸುಪಾಸು ಜನ ಸಿಕ್ಕಿದ್ದರು. ಈ ಸಲ 7.0 ಇದ್ದದ್ದು 7.3 ಆದರೆ ಸುಧಾರಿಸಿದೆ ಅನ್ನಬಹುದಾ?

ಅಂಕಿಲೆಕ್ಕ

ಅನ್ನಬಾರದು. ಯಾಕೆ ಅಂತ ಹೇಳುತ್ತೇನೆ.

ಇಂಥ 0-10 ಪ್ರಶ್ನೆಗಳಲ್ಲಿ ಉತ್ತರಗಳ ಹರಡುವಿಕೆ, ಅಂದರೆ ಮಾನಕ ವಿಚಲನೆ, ಸಾಮಾನ್ಯವಾಗಿ 2ರ ಹತ್ತಿರ ಇರುತ್ತದೆ. ಹಾಗಿದ್ದರೆ 100 ಜನರ ಸರಾಸರಿಯಲ್ಲಿ ಸುಮಾರು 0.4 ಆಚೆ ಈಚೆ ಆಗುವುದು ಬರೀ ಆಕಸ್ಮಿಕ. ಎರಡು ವರ್ಷಗಳನ್ನು ಹೋಲಿಸುವಾಗ ಎರಡೂ ಕಡೆಯ ಅನಿಶ್ಚಿತತೆ ಸೇರಿ 0.5ಕ್ಕಿಂತ ಜಾಸ್ತಿಯಾಗುತ್ತದೆ. 0.3 ಅದರೊಳಗೆ ಮುಳುಗಿ ಹೋಗುತ್ತದೆ. 400 ಜನರನ್ನು ಕೇಳಿದರೆ 0.4 ಇದ್ದದ್ದು 0.2ಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಕಷ್ಟಪಟ್ಟರೆ ಎರಡು ಪಟ್ಟು ನಿಖರತೆ, ಅಷ್ಟೇ. ಅದೂ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ಸಿಕ್ಕವರನ್ನು ಕೇಳಿದ್ದರೆ ಈ ಲೆಕ್ಕವೂ ಹಿಡಿಯಲ್ಲ.

ಕೇಳುವ ಕ್ರಮವನ್ನೂ ಬದಲಾಯಿಸಬೇಡಿ. ಮೊದಲು "ಆರೋಗ್ಯ ಕೇಂದ್ರದಲ್ಲಿ ಏನೇನು ತೊಂದರೆ" ಅಂತ ಹತ್ತು ಪ್ರಶ್ನೆ ಕೇಳಿ ಆಮೇಲೆ ಬದುಕಿನ ತೃಪ್ತಿ ಕೇಳಿದರೆ ಆ ಸಿಟ್ಟು ಉತ್ತರದಲ್ಲಿ ಇಳಿಯುತ್ತದೆ. ಅದಕ್ಕೇ ನೆಮ್ಮದಿಯ ಪ್ರಶ್ನೆಗಳನ್ನು ಆದಷ್ಟು ಮೊದಲೇ ಕೇಳಿ ಅಂತ ಒಇಸಿಡಿ, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಆರ್ಥಿಕ ಸಹಕಾರ ಸಂಘಟನೆಯ 2013ರ ಮಾರ್ಗಸೂಚಿ ಹೇಳುತ್ತದೆ. ಮುಖಾಮುಖಿ ಕೇಳಿದಾಗ ಜನ ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ, ಒಬ್ಬರೇ ಕೂತು ಆನ್‌ಲೈನ್‌ನಲ್ಲಿ ತುಂಬಿದರೆ ಕಡಿಮೆ. ಹೋದ ವರ್ಷ ಮನೆಗೆ ಹೋಗಿ, ಈ ವರ್ಷ ಫೋನಿಗೆ ಲಿಂಕ್ ಕಳಿಸಿದರೆ, ಊರಿನ ನೆಮ್ಮದಿ ಬಿದ್ದುಹೋಯಿತು ಅಂತ ಕಾಣಬಹುದು. ಬಿದ್ದದ್ದು ನೆಮ್ಮದಿ ಅಲ್ಲ, ಕೇಳುವ ವಿಧಾನ ಬದಲಾಗಿದೆ.

ಹಾಗಾದರೆ ಸೇವೆ ಬದಲಾಯಿಸಿದ್ದರಿಂದ ಒಳ್ಳೆಯದಾಯಿತಾ ಅಂತ ತಿಳಿಯುವುದು ಹೇಗೆ? ಒಂದೇ ಸಲ ಎಲ್ಲಾ ಕಡೆ ಬದಲಾಯಿಸಲು ಹೇಗೂ ದುಡ್ಡು ಇರಲ್ಲ. ಮೊದಲು ಒಂದು ಭಾಗದಲ್ಲಿ ಸಂಜೆ ಬಸ್ಸು ಬಿಡಿ, ಇನ್ನೊಂದು ಭಾಗದಲ್ಲಿ ಆರು ತಿಂಗಳ ನಂತರ. ಎರಡೂ ಕಡೆ ಮೊದಲೂ ಆಮೇಲೂ ಕೇಳಿ. ಮತ್ತೆ "ಬದುಕಿನ ತೃಪ್ತಿ" ಅಷ್ಟು ಬೇಗ ಕದಲುವ ಅಂಕಿ ಅಲ್ಲ. ಬಸ್ಸು ಬಂದರೆ ಮೊದಲು ಬದಲಾಗುವುದು ಕಳೆದ ವಾರ ಎಷ್ಟು ಸಲ ಹೊರಗೆ ಹೋದಿರಿ, ಯಾರನ್ನು ಭೇಟಿಯಾದಿರಿ ಅನ್ನುವುದು. ಅದನ್ನು ಕೇಳಿ.

ಮರೆಯುವ ಮುಂಚೆ ಇನ್ನೊಂದು: ಬೀದಿವಾರು ಅಂಕಿ ಪ್ರಕಟಿಸುವಾಗ ಐದು, ಹತ್ತು ಜನರ ಗುಂಪನ್ನು ಬೇರೆಯಾಗಿ ತೋರಿಸಬೇಡಿ. ಯಾರು ಅಂತ ನೆರೆಯವರಿಗೆ ಗೊತ್ತಾಗಿ ಬಿಡುತ್ತದೆ.

ದಾರಿಹೋಕ

ಎಲ್ಲಾ ಓದಿದೆ. ಕಚೇರಿಮೇಜು ಅವರು ಹೇಳಿದ ಬೆಂಚಿನ ಮಾತು ಮನಸ್ಸಿಗೆ ನಾಟಿತು. ನನ್ನ ತಂದೆ ಕೊನೆಯ ಎರಡು ವರ್ಷ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಸ್ವಭಾವ ಹಾಗಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ದಾರಿಯಲ್ಲಿ ಕೂರಲು ಜಾಗ ಇಲ್ಲ, ಶೌಚಾಲಯ ಇಲ್ಲ ಅಂತ ಅವರು ಒಮ್ಮೆ ಹೇಳಿದ್ದು ಈಗ ನೆನಪಾಗುತ್ತಿದೆ. ಅವರನ್ನು ಯಾರೂ ಬಂದು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಆದ್ದರಿಂದ ಕೇಳಿ. ಆದರೆ ನನ್ನದೊಂದು ಷರತ್ತು ಇದೆ. ಕೇಳಿದ ಮೇಲೆ ಅದೇ ಮನೆಗಳಿಗೆ ತಿರುಗಿ ಹೋಗಿ. ನೀವು ಹೀಗೆ ಹೇಳಿದಿರಿ, ಇದು ಆಯಿತು, ಇದು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಹೇಳಿ. ಇಲ್ಲದಿದ್ದರೆ ಮುಂದಿನ ಸಲ ಯಾರೂ ನಿಜ ಹೇಳಲ್ಲ. ಎಲ್ಲರೂ 7 ಅಂತ ಹೇಳಿ ಬಾಗಿಲು ಹಾಕುತ್ತಾರೆ.

ಕಚೇರಿಮೇಜು

ದಾರಿಹೋಕ ಅವರ ಷರತ್ತಿಗೆ ನನ್ನದೂ ಒಂದು ಸೇರಿಸಿ. ಏನನ್ನು ಅಳೆಯಬೇಕು ಅನ್ನುವ ಪಟ್ಟಿಯನ್ನೂ ಜನರಿಂದಲೇ ಮಾಡಿಸಿ. ಒಂದು ಸಂಜೆ ಕೂರಿಸಿ "ನಿಮ್ಮ ಬೀದಿಯಲ್ಲಿ ಬದುಕು ಸುಲಭ ಆಗಲು ಏನಿರಬೇಕು" ಅಂತ ಕೇಳಿದರೆ, ನಮ್ಮ ಕಚೇರಿಯ ಯಾವ ಫಾರಂನಲ್ಲೂ ಇಲ್ಲದ್ದು ಬರುತ್ತದೆ. ಮಕ್ಕಳನ್ನೂ ಕೂರಿಸಿ. ಮೈದಾನ ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ಅನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಮೌನಮಲ್ಲಿಗೆ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ನಿನ್ನೆ ನಮ್ಮ ಗುಂಪು ಸೇರಿತ್ತು. ಮಾಡುವುದು ಅಂತ ತೀರ್ಮಾನ ಆಯಿತು, ಆದರೆ ಚಿಕ್ಕದಾಗಿ. ಸಂಜೆ ಬಸ್ಸು ಮತ್ತು ನಿಲ್ದಾಣದ ಬೆಂಚು, ಇವೆರಡೇ ವಿಷಯ. ಬಜೆಟ್ ಸಭೆಗೆ ಎರಡು ತಿಂಗಳು ಮೊದಲು ವರದಿ ಕೊಡುತ್ತೇವೆ, ಅದನ್ನು ನೋಡಿ ಏನು ತೀರ್ಮಾನ ಅಂತ ಮೊದಲೇ ಬರೆದು ಕೊಡಿ ಅಂತ ಪತ್ರ ಕೊಟ್ಟಿದ್ದೇವೆ. ಬರೆದು ಕೊಡದಿದ್ದರೆ ಶುರು ಮಾಡುವುದಿಲ್ಲ. ಮನೆಗಳನ್ನು ಚೀಟಿ ಎತ್ತಿ ಆರಿಸುತ್ತೇವೆ, ಬೀಗ ಹಾಕಿದ್ದರೆ ಸಂಜೆ ಒಮ್ಮೆ, ರಜೆ ದಿನ ಒಮ್ಮೆ ತಿರುಗಿ ಹೋಗುತ್ತೇವೆ. ವರದಿಯ ಮೊದಲ ಸಾಲಿನಲ್ಲಿ ಸರಾಸರಿ ಇರುವುದಿಲ್ಲ, 4 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಲೆಕ್ಕ ಇರುತ್ತದೆ.

ಆ ಅಮ್ಮನ ಮನೆಗೆ ಭಾನುವಾರ ಹೋಗಿ ಬಂದೆ. ಫಾರಂ ತೆಗೆದುಕೊಂಡು ಹೋಗಿರಲಿಲ್ಲ.

ನರ್ಸಕ್ಕ, ಒಂದು ಸಹಾಯ ಮಾಡಿ. ಒಂಟಿತನದ ಬಗ್ಗೆ ಕೇಳಬೇಕು. "ನೀವು ಒಂಟಿಯಾ" ಅಂತ ಮುಖಕ್ಕೆ ಹೇಗೆ ಕೇಳುವುದು?

ಹಳೆನರ್ಸ್

ಹಾಗೆ ಕೇಳಲೇಬೇಡಿ ಮಗಳೇ. "ಇಲ್ಲಪ್ಪ, ಮಕ್ಕಳಿದ್ದಾರೆ" ಅಂತ ಉತ್ತರ ಬರುತ್ತದೆ. ಬೇರೆ ಕಡೆ ಬಳಸುವ ಮೂರು ಪ್ರಶ್ನೆಗಳ ಒಂದು ಅಳತೆ ಇದೆ, ಅದರಲ್ಲಿ ಒಂಟಿತನ ಅನ್ನುವ ಪದವೇ ಬರುವುದಿಲ್ಲ. ಜೊತೆಗೆ ಯಾರೂ ಇಲ್ಲ ಅಂತ ಎಷ್ಟು ಸಲ ಅನಿಸುತ್ತದೆ, ನಮ್ಮನ್ನು ಹೊರಗಿಟ್ಟಿದ್ದಾರೆ ಅಂತ ಎಷ್ಟು ಸಲ ಅನಿಸುತ್ತದೆ, ಎಲ್ಲರಿಂದ ದೂರ ಆಗಿದ್ದೇವೆ ಅಂತ ಎಷ್ಟು ಸಲ ಅನಿಸುತ್ತದೆ. ಉತ್ತರಕ್ಕೆ ಅಂಕಿ ಬೇಡ. ಅಪರೂಪಕ್ಕೆ, ಒಮ್ಮೊಮ್ಮೆ, ಆಗಾಗ, ಅಷ್ಟೇ.

ನಮ್ಮ ಮಾತಿನಲ್ಲಿ ನಾನಾದರೆ ಹೀಗೆ ಕೇಳುತ್ತೇನೆ: "ಮಾತಾಡೋಕೆ ಯಾರಾದ್ರೂ ಇದ್ದಿದ್ರೆ ಚೆನ್ನಾಗಿತ್ತು ಅಂತ ಅನಿಸುತ್ತಾ?", "ನಿಮ್ಮನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಅನಿಸುತ್ತಾ?", "ಜನರ ಮಧ್ಯೆ ಇದ್ರೂ ದೂರ ಇದ್ದ ಹಾಗೆ ಅನಿಸುತ್ತಾ?" ಇದರ ಜೊತೆಗೆ ನಿಮ್ಮ ಬಸ್ಸಿಗೆ ಬೇಕಾದ ಒಂದು: "ಹೋದ ವಾರ ಸುಮ್ನೆ ಮಾತಾಡೋಕೆ ಅಂತಲೇ ಎಷ್ಟು ಸಲ ಹೊರಗೆ ಹೋದ್ರಿ?"

ಮೊದಲು ಹತ್ತು ಜನರಿಗೆ ಕೇಳಿ ನೋಡಿ. ಯಾರಾದರೂ "ಅಂದ್ರೆ?" ಅಂತ ತಿರುಗಿ ಕೇಳಿದರೆ ಆ ವಾಕ್ಯ ಬದಲಾಯಿಸಿ. ನಾನು ಬುಧವಾರ ಬಿಡುವಾಗಿದ್ದೇನೆ, ಬೇಕಿದ್ದರೆ ಫೋನಿನಲ್ಲಿ ಕೂತು ಒಂದೊಂದಾಗಿ ನೋಡೋಣ.